ಆಸ್ಪತ್ರೆಯ ದಫ್ತರವೂ ಅದರ ಯಜಮಾನರೂ

2021ನೆಯ ಇಸವಿ ಮೇ ತಿಂಗಳ 2ನೆಯ ತಾರೀಖಿನ ರಾತ್ರಿಯನ್ನು ಚಾಮರಾಜನಗರದ ಮಹಾಜನರು ಮರೆತಿರಲಾರರು. ಕೊರೋನಾ ಮಹಾಮಾರಿಯ ಎರಡನೆಯ ಅಲೆಯು ನಾಡನ್ನೆಲ್ಲ ಆವರಿಸಿದ್ದ ಆ ದಿನಗಳಲ್ಲಿ ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಸರಬರಾಜು ಕುಂದಿತು. ಮೈಸೂರಿನ ಕಡೆಯಿಂದ ಬರತಕ್ಕ ಸಿಲಿಂಡರುಗಳಿಗಾಗಿ ರೋಗಿಗಳೂ ಬಂಧುಗಳೂ ವೈದ್ಯರೂ ದಾರಿ ನೋಡುತ್ತ ರಾತ್ರಿಯನ್ನು ಕಳೆದರು. ಒಂದು ಹಗಲೊಂದು ರಾತ್ರಿಯೊಳಗಾಗಿ 24 ಮಂದಿ ರೋಗಿಗಳು ಮರಣ ಹೊಂದಿದರೆಂಬ ವಾರ್ತೆ ಮರುದಿನ ದೇಶದಲ್ಲೆಲ್ಲ ಹರಡಿತು. ಇವರಲ್ಲಿ ಆಮ್ಲಜನಕದ ಕೊರತೆಯಿಂದಲೇ ಸತ್ತವರೆಷ್ಟು ಮಂದಿ ಎಂದು ಕೇಳಿದುದಕ್ಕೆ ಸರಕಾರದ ಪಕ್ಷದಿಂದ ಬಂದ ಉತ್ತರ ಮೂವರು ಎಂದು. ಉಚ್ಚ ನ್ಯಾಯಾಲಯದ ಮುಂದೆ ವಿಚಾರಣೆಯಿದ್ದಾಗ ನೇಮಕವಾದ, ನಿವೃತ್ತ ನ್ಯಾಯಮೂರ್ತಿ ಶ್ರೀ ಎ. ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿಯು ಆ ಉತ್ತರವನ್ನು ಅಂಗೀಕರಿಸಲಿಲ್ಲ. ಸಿಲಿಂಡರುಗಳು ತಡವಾದುದಕ್ಕೆ ಹೊಣೆಯಾರು ಎಂದು ನೆರೆಹೊರೆಯ ಎರಡು ಜಿಲ್ಲೆಗಳ ಆಡಳಿತಗಳ ನಡುವೆ ಬಹಿರಂಗ ವಾಗ್ವಾದವೇ ನಡೆಯಿತು.

ಆ ಹೊಣೆಯ ಪ್ರಶ್ನೆಯನ್ನು ತೀರ್ಮಾನಿಸುವುದಕ್ಕೆ ನಾವು ಇಂದು ಲೇಖನಿಯನ್ನು ಹಿಡಿದಿಲ್ಲ. ಅದು ನ್ಯಾಯಸ್ಥಾನಗಳ ಕೆಲಸ. ನಮ್ಮ ಮನಸ್ಸನ್ನು ಕೊರೆಯುತ್ತಿರುವುದು ಇನ್ನೊಂದು ಸಂಗತಿ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಸತ್ತವರ ಸಂಖ್ಯೆಯನ್ನು ಕುರಿತೇ ಇಷ್ಟು ವಿವಾದ ಹುಟ್ಟುವುದಾದರೆ, ಬದುಕಿದ್ದವರಿಗೆ ಬೇಕಾದ ವಸ್ತು ಎಷ್ಟು ಹೊತ್ತಿಗೆ ಮುಗಿದುಹೋಗುತ್ತದೆ ಎಂಬ ಲೆಕ್ಕವನ್ನು ಅಲ್ಲಿ ಯಾರು, ಯಾವಾಗ, ಯಾರ ಮುಂದೆ ಇಟ್ಟರು? ಇಟ್ಟಿದ್ದರೆ ಅದನ್ನು ಯಾರು ಓದಿದರು? ಈ ಪ್ರಶ್ನೆ ಚಾಮರಾಜನಗರಕ್ಕೆ ಮಾತ್ರ ಸಂಬಂಧಿಸಿದುದಲ್ಲ. ನಾಡಿನ ಪ್ರತಿಯೊಂದು ಆಸ್ಪತ್ರೆಯ ಮೇಲಧಿಕಾರಿಗಳೂ ತಮ್ಮನ್ನು ತಾವೇ ಕೇಳಿಕೊಳ್ಳತಕ್ಕ ಪ್ರಶ್ನೆ.

ಲೆಕ್ಕವೇನೂ ಕಠಿನವಾದುದಲ್ಲ. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರು ಆಮ್ಲಜನಕ ಹಿಡಿಯುತ್ತದೆ. ನಿಮಿಷಕ್ಕೆ 10 ಲೀಟರು ಬೇಕಾಗುವ ರೋಗಿಯೊಬ್ಬನಿಗೆ ದಿನಕ್ಕೆ 14,400 ಲೀಟರು ಬೇಕು; ಎಂದರೆ ಎರಡು ಸಿಲಿಂಡರುಗಳು ಸಾಲವು. ಅಂಥವರು 50 ಮಂದಿಯಿದ್ದರೆ ದಿನಕ್ಕೆ ನೂರಕ್ಕೆ ಮೇಲ್ಪಟ್ಟು, ಗಂಟೆಗೆ ನಾಲ್ಕಕ್ಕೆ ಮೇಲ್ಪಟ್ಟು ಸಿಲಿಂಡರುಗಳು ಖರ್ಚಾಗುತ್ತವೆ. ಉಗ್ರಾಣದಲ್ಲಿ 40 ಉಳಿದಿದ್ದರೆ ಒಂಬತ್ತು ಗಂಟೆಗಳ ಅವಕಾಶವಿದೆ. ಲಾರಿ ಮೈಸೂರಿಗೆ ಹೋಗಿ ತುಂಬಿಸಿಕೊಂಡು ಬರುವುದಕ್ಕೆ ಇಷ್ಟು ಗಂಟೆ ಹಿಡಿಯುತ್ತದೆ. ಆದುದರಿಂದ ಇಷ್ಟು ಹೊತ್ತಿಗೆ ಹೊರಡಬೇಕು. ನಾವು ಪಾಠಶಾಲೆಯಲ್ಲಿ ಕಲಿತ ತ್ರೈರಾಶಿಕಕ್ಕಿಂತ ಹೆಚ್ಚಿನ ವಿದ್ಯೆಯೇನೂ ಇದಕ್ಕೆ ಬೇಡ. ನಮ್ಮ ಅಚ್ಚುಕೂಟದಲ್ಲಿ ಕಾಗದ ಎಷ್ಟು ದಿನಕ್ಕೆ ಸಾಕೆಂಬುದನ್ನು ನೋಡದೆ ನಾವು ರಾತ್ರಿ ಮನೆಗೆ ಹೋಗುವುದಿಲ್ಲ. ಕಾಗದ ಮುಗಿದರೆ ಒಂದು ದಿನದ ಪತ್ರಿಕೆ ನಿಂತೀತು, ಪ್ರಪಂಚವೇನೂ ಮುಳುಗದು. ಆಸ್ಪತ್ರೆಯಲ್ಲಿ ಲೆಕ್ಕ ತಪ್ಪಿದರೆ ನಿಲ್ಲುವುದು ಮನುಷ್ಯನ ಉಸಿರು.

ಆಸ್ಪತ್ರೆಯ ಮಾಹಿತಿ ವ್ಯವಸ್ಥೆ ಎಂದು ಈಗ ದೊಡ್ಡ ಹೆಸರಿನಿಂದ ಕರೆಯುತ್ತಿರುವುದು ಮೂಲತಃ ಈ ಲೆಕ್ಕವನ್ನೇ. ಹೊರರೋಗಿಗಳ ಚೀಟಿ, ಒಳರೋಗಿಗಳ ಹಾಸಿಗೆ, ರಕ್ತಪರೀಕ್ಷೆಯ ಫಲ, ಔಷಧದ ಉಗ್ರಾಣ, ಹೆರಿಗೆ, ಮರಣ, ಹಣ, ಇವಿಷ್ಟನ್ನೂ ಒಂದೆಡೆ ಬರೆದಿಟ್ಟು, ಬೇಕಾದಾಗ ಬೇಕಾದವರಿಗೆ ತೋರಿಸತಕ್ಕ ಏರ್ಪಾಡು ಅದು. ಹಿಂದೆ ದಫ್ತರದ ರಿಜಿಸ್ಟರುಗಳು ಮಾಡುತ್ತಿದ್ದ ಕೆಲಸವನ್ನು ಈಗ ಗಣಕಯಂತ್ರ ಮಾಡುತ್ತದೆ. ವಿಚಾರವೂ ಹೊಸದಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆ ಮಾಡಿ ಬಂದ ಫ್ಲಾರೆನ್ಸ್ ನೈಟಿಂಗೇಲ್ ಮಹಿಳೆಯು, ಎಲ್ಲ ಆಸ್ಪತ್ರೆಗಳೂ ಒಂದೇ ಕ್ರಮದಲ್ಲಿ ರೋಗಿಗಳ ಲೆಕ್ಕವನ್ನಿಡಬೇಕೆಂದು 1860ರಲ್ಲಿ ಲಂಡನ್ನಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದೆ ಮಾದರಿ ನಮೂನೆಗಳನ್ನಿಡಿಸಿದಳು. ದೀಪ ಹಿಡಿದ ದೇವಿಯೆಂದು ಲೋಕ ಆಕೆಯನ್ನು ಪೂಜಿಸುತ್ತದೆ. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿದ್ದುದನ್ನು ಮರೆಯುತ್ತದೆ.

ನಮ್ಮ ದೇಶದಲ್ಲಿ ಈ ಬಾಬಿನಲ್ಲಿ ಸರಕಾರದವರು ಉದಾಸೀನರಾಗಿದ್ದಾರೆಂದು ಯಾರೂ ಹೇಳುವಂತಿಲ್ಲ. ಆರೋಗ್ಯ ಇಲಾಖೆಯ ಮಾಸಿಕ ಲೆಕ್ಕಗಳನ್ನು ಗಣಕಯಂತ್ರದ ಮೂಲಕ ಕಳುಹಿಸತಕ್ಕ ರಾಷ್ಟ್ರೀಯ ಏರ್ಪಾಡು 2008ರಲ್ಲಿ ಬಂದಿತು. ಕ್ಷಯರೋಗಿಗಳ ನೋಂದಣಿಗಾಗಿ 2012ರಲ್ಲಿ ನಿಕ್ಷಯ್ ಬಂದಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರಚಿಸಿದ ಇ-ಹಾಸ್ಪಿಟಲ್ ಎಂಬ ತಂತ್ರಾಂಶ ನಮ್ಮ ರಾಜ್ಯದ ಹಲವು ಸರಕಾರಿ ಆಸ್ಪತ್ರೆಗಳನ್ನು ಪ್ರವೇಶಿಸಿದೆ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ ಡಿಜಿಟಲ್ ಅಭಿಯಾನದ ಮೇರೆಗೆ ಪ್ರತಿಯೊಬ್ಬ ಪ್ರಜೆಗೂ 14 ಅಂಕಿಗಳ ಆರೋಗ್ಯ ಸಂಖ್ಯೆಯೊಂದನ್ನು ಕೊಡುವ ಕಾರ್ಯ ನಡೆದಿದೆ. ಅದೇ ವರ್ಷ ಅಕ್ಟೋಬರ್ 7ರಂದು ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಅಂದಿನ ರಾಷ್ಟ್ರಪತಿಗಳು ಉದ್ಘಾಟಿಸಿದರು. ಕಟ್ಟಡ ಬಂದಿತು, ಯಂತ್ರ ಬಂದಿತು, ತಂತ್ರಾಂಶ ಬಂದಿತು. ಇವುಗಳನ್ನು ನಡೆಸತಕ್ಕ ಯಜಮಾನರ ಮನಸ್ಸಿನಲ್ಲಿ ಏನು ಬಂದಿತು? ನಮ್ಮ ಪ್ರಕೃತ ವಿಷಯ ಅದು.

ಆಸ್ಪತ್ರೆಗಳ ಆಡಳಿತವನ್ನು ನಡೆಸುವ ಕೆಲವು ಮಂದಿ ಮಹನೀಯರೊಡನೆ ನಾವು ಈ ವಿಷಯವಾಗಿ ಸಂಭಾಷಿಸಿದ್ದುಂಟು. ಅವರ ಹೆಸರುಗಳನ್ನಾಗಲಿ ಸಂಸ್ಥೆಗಳ ಹೆಸರುಗಳನ್ನಾಗಲಿ ಹೇಳುವುದು ಸೌಜನ್ಯವಲ್ಲ. ಒಬ್ಬರನ್ನು, “ಇಂದು ತಮ್ಮಲ್ಲಿ ಎಷ್ಟು ಹಾಸಿಗೆಗಳು ಖಾಲಿಯಿವೆ?” ಎಂದು ಕೇಳಿದೆವು. ಅವರು ಗುಮಾಸ್ತೆಯನ್ನು ಕರೆಸಿದರು; ಗುಮಾಸ್ತೆ ದಾದಿಯವರನ್ನು ಕೇಳಿದರು; ದಾದಿಯವರು ವಾರ್ಡುಗಳನ್ನೆಲ್ಲ ಸುತ್ತಿ ಎಣಿಸಿಕೊಂಡು ಬಂದರು. ಅಷ್ಟು ಹೊತ್ತೂ ಅಧಿಕಾರಿಗಳ ಮೇಜಿನ ಮೇಲೆ ಗಣಕಯಂತ್ರ ಬೆಳಗುತ್ತಲೇ ಇತ್ತು. ಅದರಲ್ಲಿ ಆ ಸಂಖ್ಯೆ ಇದ್ದಿತೋ ಇಲ್ಲವೋ ನಾವರಿಯೆವು. ಅದರಲ್ಲಿ ನೋಡಬಹುದೆಂಬ ಭಾವನೆ ಮಾತ್ರ ಆ ಕೊಠಡಿಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ನಮಗೆ ಕಂಡುಬಂದಂತೆ ಅಧಿಕಾರಿವರ್ಗದಲ್ಲಿ ಈ ವ್ಯವಸ್ಥೆಯನ್ನು ಕುರಿತು ಮೂರು ಬಗೆಯ ಭಾವನೆಗಳಿವೆ.

ಮೊದಲನೆಯದು, ಇದು ಗುಮಾಸ್ತೆಯ ಕೆಲಸ, ನಮ್ಮದಲ್ಲ ಎಂಬುದು. ನಮ್ಮಲ್ಲಿ ಆಸ್ಪತ್ರೆಯ ಆಡಳಿತಾಧಿಕಾರಿಯಾಗುವವರು ಬಹುಮಟ್ಟಿಗೆ ಸೇವಾ ಹಿರಿತನದಿಂದ ಮೇಲೆ ಬಂದ ವೈದ್ಯರು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈಗೆ ಒಂದು ದಿನ ಬೆಳಗ್ಗೆ ಸಿಬ್ಬಂದಿ, ಉಗ್ರಾಣ, ಟೆಂಡರು, ಲೆಕ್ಕಪರಿಶೋಧನೆ ಇವೆಲ್ಲವನ್ನೂ ಒಪ್ಪಿಸುತ್ತೇವೆ. ರೋಗಿಯ ನಾಡಿಯನ್ನು ನೋಡಲು ಅವರಿಗೆ ಐದಾರು ವರ್ಷ ಕಲಿಸಿದವರು, ಆಸ್ಪತ್ರೆಯ ನಾಡಿಯನ್ನು ನೋಡಲು ಐದಾರು ವಾರಗಳಾದರೂ ಕಲಿಸಬೇಡವೆ? ಕಲಿಸದಿದ್ದ ಮೇಲೆ ಅವರು ಗಣಕಯಂತ್ರವನ್ನು ಗುತ್ತಿಗೆಯ ಮೇಲೆ ಬಂದ ಹುಡುಗನಿಗೆ ಬಿಟ್ಟುಕೊಟ್ಟು, ತಾವು ತಮಗೆ ಗೊತ್ತಿರುವ ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋದರೆ ದೂರುವುದು ಹೇಗೆ?

ಎರಡನೆಯದು, ಇದು ಮೇಲಕ್ಕೆ ಕಳುಹಿಸತಕ್ಕ ವರದಿ ಎಂಬುದು. ತಿಂಗಳ ಕೊನೆಗೆ ಬೆಂಗಳೂರಿಗೋ ದಿಲ್ಲಿಗೋ ಅಂಕಿಗಳು ಹೋಗಬೇಕು. ಹೋಗದಿದ್ದರೆ ವಿವರಣೆ ಕೇಳುತ್ತಾರೆ. ಆದುದರಿಂದ ತುಂಬಿಸಿ ಕಳುಹಿಸಿಬಿಡಬೇಕು. ಹೀಗೆ ಕಳುಹಿಸಿದ ಅಂಕಿಯನ್ನು ಕಳುಹಿಸಿದವರೇ ಓದುವುದಿಲ್ಲ. ಕಪ್ಪವನ್ನು ಕಟ್ಟಿದ ಪಾಳೆಯಗಾರನಂತೆ, ಕೊಟ್ಟಾಯಿತು, ಪೀಡೆ ತೊಲಗಿತು ಎಂದು ಸುಮ್ಮನಾಗುತ್ತಾರೆ. ಕಳೆದ ತಿಂಗಳು ಹೆರಿಗೆಯಲ್ಲಿ ರಕ್ತಸ್ರಾವದ ಪ್ರಕರಣಗಳು ಏಕೆ ಹೆಚ್ಚಿದುವು, ಮಧುಮೇಹದ ಮಾತ್ರೆ ಏಕೆ ಇಪ್ಪತ್ತನೆಯ ತಾರೀಖಿಗೇ ಮುಗಿಯಿತು ಎಂದು ಆ ಅಂಕಿಗಳನ್ನೇ ನೋಡಿ ವಿಚಾರಿಸಬಹುದಾಗಿದ್ದವರು, ಅವು ಊರು ಬಿಟ್ಟುಹೋದ ಮೇಲೆ ಮತ್ತೆ ಅವುಗಳ ಮುಖ ನೋಡುವುದಿಲ್ಲ.

ಮೂರನೆಯ ಭಾವನೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಬಲವಾದುದು ಅದೇ ಎಂದು ನಮ್ಮ ಎಣಿಕೆ. ಅದು ಭಯ. ಬರೆದದ್ದೆಲ್ಲ ನಾಳೆ ನಮ್ಮ ಮೇಲೆಯೇ ಸಾಕ್ಷಿಯಾದೀತು, ಆದಷ್ಟು ಕಡಮೆ ಬರೆಯುವುದೇ ಕ್ಷೇಮ ಎಂಬ ಭಯ. ವಿಚಾರಣಾ ಸಮಿತಿಗಳು ಬಂದು ಹೋದಷ್ಟೂ ಈ ಭಯ ಬೆಳೆಯುವುದು ಸ್ವಾಭಾವಿಕ. ಆದರೆ ಸ್ವಲ್ಪ ಯೋಚಿಸಿದರೆ ಮಾತು ತಲೆಕೆಳಗಾಗಿರುವುದು ಗೊತ್ತಾಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಇಷ್ಟು ಸಿಲಿಂಡರು ಉಳಿದಿದೆ, ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ ಎಂದು ಬರೆದು ಮೇಲಕ್ಕೆ ತಿಳಿಸಿದ ಅಧಿಕಾರಿಯನ್ನು ಯಾವ ಸಮಿತಿಯೂ ಶಿಕ್ಷಿಸಲಾರದು. ಬರೆಯದೆ ಬಾಯಿಮಾತಿನಲ್ಲಿ ಹೇಳಿದವನೇ ಸಿಕ್ಕಿಬೀಳುವವನು. ಸತ್ಯವಾದ ದಫ್ತರವು ಪ್ರಾಮಾಣಿಕನಿಗೆ ಕವಚ. ಅಪ್ರಾಮಾಣಿಕನಿಗೆ ಮಾತ್ರವೇ ಉರುಳು. ರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟಿರತಕ್ಕದ್ದೆಂದೂ, ರೋಗಿಯೋ ಅವನ ಕಡೆಯವರೋ ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕದ್ದೆಂದೂ ವೈದ್ಯರ ನಡವಳಿಕೆಯ ನಿಬಂಧನೆಗಳು 2002ರಲ್ಲಿಯೇ ವಿಧಿಸಿದುವು. ದಾಖಲೆಯಲ್ಲಿ ರೋಗಿಗೆ ಹಕ್ಕುಂಟೆಂಬುದನ್ನು ಬಲ್ಲ ಅಧಿಕಾರಿಗಳು ಎಷ್ಟು ಮಂದಿ? ಅದನ್ನು ಕೇಳಿ ಪಡೆಯಬಹುದೆಂಬುದನ್ನು ಬಲ್ಲ ಪ್ರಜೆಗಳೆಷ್ಟು ಮಂದಿ?

ಅಧಿಕಾರಿಗಳ ಪಕ್ಷದಲ್ಲಿಯೂ ಹೇಳತಕ್ಕ ಮಾತು ಬಹಳವಿದೆ. ಅದನ್ನು ಮರೆಮಾಚಿದರೆ ನಾವು ನ್ಯಾಯಪಕ್ಷಪಾತಿಗಳಾಗುವುದಿಲ್ಲ. ಬಾಣಂತಿಗೊಂದು ಜಾಲ, ಕ್ಷಯಕ್ಕೊಂದು, ಸಾಂಕ್ರಾಮಿಕಕ್ಕೊಂದು, ಔಷಧಕ್ಕೊಂದು, ವಿಮೆಗೊಂದು ಎಂದು ಬೇರೆಬೇರೆ ಇಲಾಖೆಗಳವರು ಬೇರೆಬೇರೆ ತಂತ್ರಾಂಶಗಳನ್ನು ಹೇರಿದ್ದಾರೆ. ಒಂದೇ ರೋಗಿಯ ಹೆಸರನ್ನು ಮೂರು ಕಡೆ ಯಂತ್ರದಲ್ಲಿಯೂ ಎರಡು ಕಡೆ ಪುಸ್ತಕದಲ್ಲಿಯೂ ಬರೆಯಬೇಕಾದ ದಾದಿಯವರು ರಾತ್ರಿಪಾಳಿಯಲ್ಲಿ ಸಲೈನು ಬದಲಾಯಿಸುವರೋ ಹೆಸರು ಬರೆಯುವರೋ? ಇನ್ನೂ ಕೆಳಗಿನ ಮೆಟ್ಟಿಲಲ್ಲಿರುವ ಆಶಾ ಕಾರ್ಯಕರ್ತೆಯರ ಕಷ್ಟವನ್ನು ನೋಡಿರಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕುಳಿತು ಮಂಡಿಸಿದ ಬೇಡಿಕೆಗಳಲ್ಲಿ, ತಮ್ಮ ಪ್ರೋತ್ಸಾಹಧನವನ್ನು ತಾಯಿ ಮಕ್ಕಳ ಆರೋಗ್ಯದ ಜಾಲತಾಣದ ಅಂಕಿಗಳಿಗೆ ಗಂಟುಹಾಕಬಾರದೆಂಬುದೂ ಒಂದಾಗಿತ್ತು. ಮನೆಮನೆ ತಿರುಗಿ ಮಾಡಿದ ಕೆಲಸ ಯಂತ್ರದಲ್ಲಿ ಏರದಿದ್ದರೆ ಮಾಡದಂತೆಯೇ ಎಂದಾಯಿತು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಗಾದೆಗೆ ಇದಕ್ಕಿಂತ ದಾರುಣವಾದ ಅರ್ಥ ಬೇಕೆ? ಲೆಕ್ಕವನ್ನು ಮೇಲಕ್ಕೆ ಎಳೆದುಕೊಳ್ಳುವವರು ಲೆಕ್ಕ ಕೊಟ್ಟವರಿಗೆ ಏನನ್ನೂ ಹಿಂದಕ್ಕೆ ಕೊಡದಿದ್ದರೆ, ಆ ವ್ಯವಸ್ಥೆಯ ಮೇಲೆ ಯಾರಿಗೆ ತಾನೆ ಪ್ರೀತಿ ಹುಟ್ಟೀತು?

ಇಂಗ್ಲೆಂಡಿನಂಥ ಸಂಪನ್ನ ದೇಶವೂ ಈ ತಪ್ಪನ್ನು ಮಾಡಿ ಪಶ್ಚಾತ್ತಾಪಪಟ್ಟಿತು. ದೇಶದ ಆಸ್ಪತ್ರೆಗಳನ್ನೆಲ್ಲ ಒಂದೇ ಜಾಲದಲ್ಲಿ ಹೆಣೆಯುವುದಾಗಿ 2002ರಲ್ಲಿ ಅಲ್ಲಿನ ಸರಕಾರ ತೊಡಗಿದ ಕಾರ್ಯಕ್ರಮವನ್ನು 2011ರಲ್ಲಿ ಕಳಚಿಹಾಕಬೇಕಾಯಿತು. ಅದರ ಒಟ್ಟು ಖರ್ಚನ್ನು ಸುಮಾರು ಸಾವಿರ ಕೋಟಿ ಪೌಂಡುಗಳೆಂದು ಲೆಕ್ಕಹಾಕಿದರು. ರಾಜಧಾನಿಯಲ್ಲಿ ಕುಳಿತವರು ಯಂತ್ರವನ್ನು ಆರಿಸಿದರು. ಅದನ್ನು ಬಳಸತಕ್ಕ ವೈದ್ಯರನ್ನೂ ಸ್ಥಳೀಯ ಆಡಳಿತಗಾರರನ್ನೂ ತಕ್ಕಷ್ಟು ಕೇಳಲಿಲ್ಲ. ಅಷ್ಟು ಹಣವೂ ಅಷ್ಟು ವಿದ್ಯೆಯೂ ಇದ್ದವರಿಗೆ ಯಂತ್ರ ದಕ್ಕದೆ ಹೋದದ್ದು ಬಳಸುವವರ ಮನಸ್ಸನ್ನು ಗೆಲ್ಲದೆ ಇದ್ದುದರಿಂದ.

ಈಗ ಗುಂಡ್ಲುಪೇಟೆಯ ಕಡೆಗೆ ವಾಚಕರ ಲಕ್ಷ್ಯವನ್ನು ಎಳೆಯುತ್ತೇವೆ. ಅದು ಮೂರು ರಾಜ್ಯಗಳು ಕೂಡುವ ಗಡಿಯ ತಾಲ್ಲೂಕು. ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಸಾಲದೆಂದು ತೋರಿದ ರೋಗಿಯನ್ನು ತೆರಕಣಾಂಬಿಯ ದಾರಿಯಾಗಿ ಚಾಮರಾಜನಗರಕ್ಕೋ, ಸುಮಾರು 60 ಕಿಲೋಮೀಟರು ದೂರದ ಮೈಸೂರಿಗೋ ಕಳುಹಿಸಬೇಕು. ಕಾಡಿನಾಚೆಯ ಸುಲ್ತಾನ್ ಬತ್ತೇರಿಗೆ ಹೋಗುವವರೂ ಉಂಟು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿಷೇಧವಿರುವುದರಿಂದ ಆ ವೇಳೆ ಅದು ಆಂಬುಲೆನ್ಸೇ ಮೊದಲಾದ ಕೆಲವು ವಾಹನಗಳಿಗೆ ಮಾತ್ರವೇ ತೆರೆಯುವ ದಾರಿ. ಹೀಗೆ ಊರಿಂದೂರಿಗೆ ಹೋಗುವ ರೋಗಿಯ ಸಂಗಡ ಹೋಗುವುದೇನು? ಒಂದು ಚೀಟಿ. ಮಳೆಯಲ್ಲಿ ನೆನೆದರೆ ಅದೂ ಇಲ್ಲ. ಬೆಳಗ್ಗೆ ಮಾಡಿದ ರಕ್ತಪರೀಕ್ಷೆಯನ್ನು ಸಾಯಂಕಾಲ ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಮಾಡಬೇಕು. ಕೊಟ್ಟ ಔಷಧ ಯಾವುದೆಂದು ಗಾಬರಿಗೊಂಡ ಹೆಂಡತಿಯನ್ನು ಕೇಳಬೇಕು. 2018ರ ಡಿಸೆಂಬರ್ 14ರಂದು ಹನೂರಿನ ಕಡೆ ಸುಳವಾಡಿಯ ಮಾರಮ್ಮನ ಗುಡಿಯಲ್ಲಿ ವಿಷಬೆರೆತ ಪ್ರಸಾದವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ 17 ಮಂದಿ ಮೃತಪಟ್ಟಾಗ, ರೋಗಿಗಳನ್ನು ಕಾಮಗೆರೆ, ಕೊಳ್ಳೇಗಾಲ, ಮೈಸೂರುಗಳ ಆಸ್ಪತ್ರೆಗಳಿಗೆ ಹಂಚಿ ಸಾಗಿಸಬೇಕಾಯಿತು. ಅಂಥ ವೇಳೆಯಲ್ಲಿ ಒಂದು ಆಸ್ಪತ್ರೆಯವರು ಕಂಡ ವಿಷದ ಲಕ್ಷಣ ಇನ್ನೊಂದು ಆಸ್ಪತ್ರೆಯವರಿಗೆ ಆ ಕ್ಷಣವೇ ತಿಳಿಯುವುದೂ, ಯಾರ ಮಗು ಯಾವ ಊರಿನ ಯಾವ ವಾರ್ಡಿನಲ್ಲಿದೆಯೆಂದು ತಾಯಿಗೆ ಒಬ್ಬರಾದರೂ ಹೇಳಬಲ್ಲವರಾಗುವುದೂ ಎಷ್ಟು ಮುಖ್ಯವೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಸಣ್ಣ ವಿಷಯವನ್ನು ಹೇಳುತ್ತೇವೆ, ಸಣ್ಣದೆಂದು ತಳ್ಳಿಹಾಕಬಾರದು. ನಮ್ಮ ಈ ಸೀಮೆಯಲ್ಲಿ ಮಲೆಯ ಮಹದೇಶ್ವರನ ಹೆಸರನ್ನೋ ಸಿದ್ದಪ್ಪಾಜಿಯ ಹೆಸರನ್ನೋ ನಂಜುಂಡೇಶ್ವರನ ಹೆಸರನ್ನೋ ಹೊರದ ಮನೆ ಅಪೂರ್ವ. ಒಂದೇ ಹಳ್ಳಿಯಲ್ಲಿ ಹತ್ತು ಮಂದಿ ಮಹದೇವಮ್ಮಂದಿರು, ಹತ್ತು ಮಂದಿ ಸಿದ್ದರಾಜುಗಳು. ಇವರ ಹೆಸರುಗಳನ್ನು ಕನ್ನಡ ಬಾರದ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಸುವಾಗ ಬೆಳಗಿನ ಗುಮಾಸ್ತೆಯದು ಒಂದು ಬಗೆ, ಸಂಜೆಯ ಗುಮಾಸ್ತೆಯದು ಇನ್ನೊಂದು ಬಗೆ. ಒಬ್ಬ ಮಹದೇವಮ್ಮ ಮೂವರಾಗುತ್ತಾಳೆ. ಮೂವರು ಒಬ್ಬಳಾಗುವ ಅಪಾಯವೂ ಉಂಟು. ಒಬ್ಬಳ ರಕ್ತದ ಗುಂಪು ಮತ್ತೊಬ್ಬಳ ಹೆಸರಿನಲ್ಲಿ ಕುಳಿತರೆ ಏನಾಗುತ್ತದೆ? ಇಂಥದನ್ನು ಬೆಂಗಳೂರಿನ ತಂತ್ರಜ್ಞರು ಊಹಿಸಲಾರರು. ಸ್ಥಳದಲ್ಲಿರುವ ಅಧಿಕಾರಿಯೇ ಕಂಡುಹಿಡಿದು, ತಂದೆಯ ಹೆಸರು, ಗ್ರಾಮ, ಆರೋಗ್ಯ ಸಂಖ್ಯೆ ಇವುಗಳನ್ನು ಕೂಡಿಸಿ ಬರೆಯುವ ಕಟ್ಟುಪಾಡನ್ನು ಮಾಡಬೇಕು. ಹೆಸರನ್ನು ಕನ್ನಡದಲ್ಲಿಯೇ ಬರೆಯುವ ಅನುಕೂಲವನ್ನು ಹಟಹಿಡಿದು ಕೇಳಬೇಕು. ವ್ಯವಸ್ಥೆಯನ್ನು ತನ್ನದೆಂದು ತಿಳಿದವನು ಮಾತ್ರ ಹೀಗೆ ಕೇಳುತ್ತಾನೆ.

ಲೆಕ್ಕವು ಹಿಂದಿರುಗಿ ಬಂದರೆ ಏನು ಲಾಭವೆಂಬುದಕ್ಕೆ ದೃಷ್ಟಾಂತ ನಮ್ಮ ಜಿಲ್ಲೆಯ ಕಾಡಿನಲ್ಲಿಯೇ ಇದೆ. ಡಾಕ್ಟರ್ ಸುದರ್ಶನರವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಹೆಸರನ್ನು ವಾಚಕರು ಬಲ್ಲರು. ಅವರದೇ ಕರುಣಾ ಟ್ರಸ್ಟು 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಸೋಲಿಗರಲ್ಲಿ ಕುಡಗೋಲು ಕಣದ ರಕ್ತಹೀನತೆಯೆಂಬ ವಂಶಪಾರಂಪರ್ಯದ ವ್ಯಾಧಿಯುಂಟು. ಆ ದೋಷವನ್ನು ಹೊತ್ತಿದ್ದೂ ಆರೋಗ್ಯವಾಗಿರುವ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವ. ಈ ರೋಗವನ್ನು 2047ರೊಳಗೆ ನಿರ್ಮೂಲಮಾಡುವ ರಾಷ್ಟ್ರೀಯ ಅಭಿಯಾನವು 2023ರ ಜುಲೈ 1ರಂದು ಆರಂಭವಾಗಿ, ದೇಶದಲ್ಲಿ 7 ಕೋಟಿ ಮಂದಿಯ ಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡಿತು. ಇಷ್ಟು ಜನರ ಪರೀಕ್ಷೆ ಮುಗಿಯಿತೆಂದು ದಿಲ್ಲಿಯ ಫಲಕದಲ್ಲಿ ಅಂಕಿ ಏರಿದರೆ ಪೋಡಿನ ತರುಣನಿಗೆ ಬಂದ ಭಾಗ್ಯವೇನು? ಫಲವು ಅವನ ಕೈಗೆ, ಅವನ ಭಾಷೆಯಲ್ಲಿ, ಮದುವೆಗೆ ಮೊದಲು ಬಂದರೆ ಮಾತ್ರ ಪರೀಕ್ಷೆ ಸಾರ್ಥಕ. ಅದೇ ಫಲವು ಅಜಾಗರೂಕತೆಯಿಂದ ಊರ ಬಾಯಿಗೆ ಬಿದ್ದರೆ ಒಬ್ಬ ಹುಡುಗಿಯ ಬಾಳು ಹಾಳಾದೀತು. ಲೆಕ್ಕವನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎಂಬ ವಿವೇಕ ಯಂತ್ರಕ್ಕಿಲ್ಲ. ಪ್ರಜೆಗಳ ಖಾಸಗಿ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆಯಷ್ಟೆ; ಒಬ್ಬರ ಗುಪ್ತಪದವನ್ನು ಹತ್ತು ಮಂದಿ ಬಳಸುವ ವಾಡಿಕೆ ನಿಲ್ಲದಿದ್ದರೆ ಕಾನೂನು ಪುಸ್ತಕದಲ್ಲಿಯೇ ಇರುತ್ತದೆ.

ಯಂತ್ರವನ್ನು ಪೂರ್ತಿಯಾಗಿ ನಂಬಿ ಕೂರುವುದೂ ಅವಿವೇಕವೇ. 2022ರ ನವೆಂಬರ್ 23ರಂದು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಜಾಲಕ್ಕೆ ದುಷ್ಟರು ಕನ್ನ ಹಾಕಿದರು. ದೇಶದ ಅಗ್ರಗಣ್ಯವಾದ ಆ ಆಸ್ಪತ್ರೆ ಹಲವು ದಿನಗಳ ಪರ್ಯಂತ ಕಾಗದ ಲೇಖನಿಗಳಿಗೆ ಹಿಂದಿರುಗಬೇಕಾಯಿತು. ಅಲ್ಲಿ ಆಗಿದ್ದು ಇಲ್ಲಿ ಆಗದೆಂಬ ಭರವಸೆಯೇನು? ವಿದ್ಯುತ್ತು ಹೋದ ದಿನ, ಜಾಲ ಸತ್ತ ದಿನ ಯಾವ ಪುಸ್ತಕದಲ್ಲಿ ಬರೆಯಬೇಕು, ಮರುದಿನ ಯಾರು ಯಂತ್ರಕ್ಕೆ ಏರಿಸಬೇಕು ಎಂಬುದನ್ನು ಇಂದೇ ಗೊತ್ತುಮಾಡಿಡುವುದು ಮೇಲಧಿಕಾರಿಯ ಕರ್ತವ್ಯ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪದ್ಧತಿ ಸಾಕು.

ಆದುದರಿಂದ ಸರಕಾರದವರ ಮುಂದೆಯೂ ಅಧಿಕಾರಿವರ್ಗದ ಮುಂದೆಯೂ ನಾವು ಕೆಲವು ಸೂಚನೆಗಳನ್ನಿಡುತ್ತೇವೆ. ಪ್ರತಿಯೊಂದು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ಮುಖ್ಯಾಧಿಕಾರಿಯೂ ದಿನಂಪ್ರತಿ ಬೆಳಗ್ಗೆ ಒಂದೇ ಒಂದು ಪುಟವನ್ನು ತಾವೇ ತೆರೆದು ಓದಲಿ: ಖಾಲಿ ಹಾಸಿಗೆ ಎಷ್ಟು, ಆಮ್ಲಜನಕ ಎಷ್ಟು ಗಂಟೆಗೆ ಸಾಕು, ಮುಖ್ಯವಾದ ಔಷಧಗಳೂ ರಕ್ತವೂ ಎಷ್ಟು ದಿನಕ್ಕೆ ಸಾಕು, ನಿನ್ನೆ ಸತ್ತವರೆಷ್ಟು ಮಂದಿ ಮತ್ತು ಏತರಿಂದ. ಓದಿದ ಮೇಲೆ ಏನು ಮಾಡಿದರೆಂಬುದನ್ನು ಒಂದು ಸಾಲು ಬರೆದು ಸಹಿ ಮಾಡಲಿ. ಇದಕ್ಕೆ ಕಾಲುಗಂಟೆ ಸಾಕು. ಎರಡನೆಯದಾಗಿ, ಆಡಳಿತದ ಹುದ್ದೆಗೆ ಹೋಗುವ ವೈದ್ಯರಿಗೆ ಹುದ್ದೆಗೆ ಮುಂಚೆಯೇ ಈ ವಿದ್ಯೆಯನ್ನು ಕಲಿಸಲಿ. ಗುಂಡಿ ಒತ್ತುವುದನ್ನಲ್ಲ, ಅಂಕಿಯನ್ನು ಓದಿ ತೀರ್ಮಾನ ಮಾಡುವುದನ್ನು. ಮೂರನೆಯದಾಗಿ, ಒಂದು ಸಲ ಬರೆದದ್ದನ್ನು ಎರಡನೆಯ ಸಲ ಬರೆಯಿಸದಂತೆ ಬೇರೆಬೇರೆ ತಂತ್ರಾಂಶಗಳನ್ನು ಕೂಡಿಸಲಿ. ಕೂಡಿಸುವ ಪರ್ಯಂತ ದಾದಿಯರ ಮೇಲೆ ಹೊರಿಸದೆ ಬರೆಯುವುದಕ್ಕೆ ಪ್ರತ್ಯೇಕ ಜನರನ್ನು ಕೊಡಲಿ. ನಾಲ್ಕನೆಯದಾಗಿ, ಪ್ರತಿಯೊಂದು ಆಸ್ಪತ್ರೆಯ ತಿಂಗಳ ಲೆಕ್ಕವನ್ನು ಅದರ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಕನ್ನಡದಲ್ಲಿ ಇಟ್ಟು ಚರ್ಚಿಸಲಿ. ಆ ಸಮಿತಿಗಳಲ್ಲಿ ಕುಳಿತಿರುವ ನಮ್ಮ ಪಟ್ಟಣದ ಗೃಹಸ್ಥರು ಚಹಾ ಕುಡಿದು ಸಹಿ ಹಾಕಿ ಬರುವುದನ್ನು ಬಿಟ್ಟು, ಆ ಅಂಕಿಗಳನ್ನು ಕೇಳುವ ಧೈರ್ಯ ಮಾಡಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ. ಹೆಚ್ಚಿನವಕ್ಕೆ ಹೊಸ ಹಣವೂ ಬೇಡ. ದಫ್ತರವು ರೋಗಿಗಾಗಿ ಇರುವುದೇ ಹೊರತು ಮೇಲಿನ ಕಚೇರಿಗಾಗಿ ಅಲ್ಲವೆಂಬ ಒಂದು ತಿಳಿವಳಿಕೆ ಬೇಕು. ಅದು ಮುಖ್ಯಾಧಿಕಾರಿಯ ಕುರ್ಚಿಯಿಂದಲೇ ಪ್ರಾರಂಭವಾಗಬೇಕು. ಯಜಮಾನ ನೋಡದ ಕಣಜವನ್ನು ಇಲಿ ನೋಡಿಕೊಳ್ಳುತ್ತದೆ ಎಂಬುದು ಒಕ್ಕಲಿನವರಿಗೆಲ್ಲ ಗೊತ್ತಿರುವ ಸಂಗತಿ.

ಆ ಮೇ ತಿಂಗಳ ರಾತ್ರಿ ಸತ್ತವರ ಮನೆಗಳಲ್ಲಿ ಇಂದಿಗೂ ವರ್ಷವರ್ಷವೂ ಆ ದಿನ ಎಡೆಯಿಡುತ್ತಾರೆ. ಆ ಮನೆಗಳವರು ಕೇಳಿದ್ದು ಪರಿಹಾರದ ಹಣವನ್ನು ಮಾತ್ರವಲ್ಲ. ನಮ್ಮವರು ಏತರಿಂದ ಸತ್ತರೆಂಬುದನ್ನು ನಿಜವಾಗಿ ಬರೆದುಕೊಡಿರಿ ಎಂದು. ಆ ಮಾತಿಗೆ ತಡವರಿಸದೆ ಉತ್ತರ ಕೊಡಬಲ್ಲ ಆಸ್ಪತ್ರೆ ಅಂಥ ಉತ್ತರವನ್ನು ಕೊಡಬೇಕಾಗುವ ಪ್ರಸಂಗವನ್ನೇ ಬಹುಮಟ್ಟಿಗೆ ತಪ್ಪಿಸಬಲ್ಲದು. ಅಧಿಕಾರಿವರ್ಗದವರು ಇದನ್ನು ನಮ್ಮ ನಿಂದೆಯೆಂದು ತಿಳಿಯದೆ, ನಾಳೆ ಬೆಳಗ್ಗೆ ತಮ್ಮ ಮೇಜಿನ ಮೇಲಿನ ಆ ಪುಟವನ್ನು ತೆರೆದು ನೋಡುವರೆಂದು ನಂಬಿದ್ದೇವೆ.